ಸವಣೂರಿನಿಂದ ಬಂದ ದೊಡ್ಡವ್ವ

ಮೊಮ್ಮಗಳು ರಜೆಗೆ ಬಂದಳೆಂದರೆ ನಮ್ಮ ಪಡಸಾಲೆ ಅಡವಿಯಾಗುತ್ತದೆ. ಓಣಿಯ ಗೆಳತಿಯರನ್ನೆಲ್ಲ ಕೂಡಿಸಿಕೊಂಡು ಒಂದು ಆಟ ಹೂಡುತ್ತಾಳೆ. ಒಬ್ಬಳು ಮಂತ್ರವಾದಿ, ಒಬ್ಬಳು ಕಳ್ಳರ ನಾಯಕಿ, ಇನ್ನೊಬ್ಬಳು ಕತ್ತಿ ಹಿಡಿದ ದಂಡನಾಯಕಿ. ಕೂತ ಚಾಪೆಯಿಂದ ಏಳದೆ ಗುಡ್ಡ ಹತ್ತುತ್ತಾರೆ, ಹೊಳೆ ದಾಟುತ್ತಾರೆ. ನಡುವೆ ಹಸಿವಾದಾಗ ಮಾತ್ರ ನಿಜವಾದ ಚುರುಮುರಿ ಕೇಳುತ್ತಾರೆ. ಮೊನ್ನೆ ನನ್ನನ್ನೂ ಆಟಕ್ಕೆ ಕರೆದರು. ಏನೂ ಮಾಡದೆ ಸುಮ್ಮನೆ ಕೂತಿರುವ ಮುದುಕಿಯ ಪಾತ್ರ ಇದ್ದರೆ ಕೊಡಿ ಎಂದೆ. ಅಂಥದ್ದು ಇಲ್ಲವಂತೆ. ಬದಲಿಗೆ ಇಸ್ಪೀಟಿನ ಎಲೆಯಂಥದ್ದೊಂದನ್ನು ನನ್ನ ಕೈಗೆ ಕೊಟ್ಟರು. ಅದರ ಮೇಲೆ ಒಂದು ಮುಖವಾಡದ ಚಿತ್ರವಿತ್ತು.

ಅದು ಅಂತಿಂಥ ಮುಖವಾಡವಲ್ಲ ಎಂದು ಮೊಮ್ಮಗಳು ದನಿ ತಗ್ಗಿಸಿ ಹೇಳಿದಳು. ಸತ್ತ ರಾಣಿಯೊಬ್ಬಳ ಮನಸ್ಸು, ಬುದ್ಧಿ, ನೆನಪು, ಸಿಟ್ಟು ಎಲ್ಲ ಅದರೊಳಗೆ ಹಾಗೇ ಉಳಿದುಕೊಂಡಿದೆಯಂತೆ. ದಾಳ ಹಾಕಿ ಅವಳನ್ನು ಪ್ರಶ್ನೆ ಕೇಳಬೇಕು. ದೊಡ್ಡ ಅಂಕಿ ಬಿದ್ದರೆ ರಾಣಿ ದಾರಿ ತೋರಿಸುತ್ತಾಳೆ, ಸಣ್ಣದು ಬಿದ್ದರೆ ಕೇಳಿದವರನ್ನೇ ಹಿಡಿದು ಆಡಿಸುತ್ತಾಳೆ. ಇಷ್ಟು ಹೇಳಿ, ಅಜ್ಜಿ ಹೆದರಿದಳೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ಇಂಥದ್ದು ನಮ್ಮ ಮನೆಯಲ್ಲೂ ಒಂದಿತ್ತು, ನಾವು ದಾಳದ ಬದಲು ಹೂವು ಹಾಕುತ್ತಿದ್ದೆವು ಎಂದೆ. ಹುಡುಗಿಯರು ಆಟ ನಿಲ್ಲಿಸಿದರು. ನಿಮ್ಮದಕ್ಕೆ ಎಷ್ಟು ಶಕ್ತಿ ಇತ್ತು ಎಂದು ಕಳ್ಳರ ನಾಯಕಿ ಕೇಳಿದಳು. ಒಂದು ಹಿಟ್ಟಿನ ಗಿರಣಿಯನ್ನೂ ಅದರ ಮಾಲಕನನ್ನೂ ಅವನ ಹೆಂಡತಿ ಮಕ್ಕಳನ್ನೂ ನಡುಗಿಸುವಷ್ಟು ಎಂದೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಬೇಜಾರಾಗಬೇಡಿ, ನಾನು ಗಿರಣಿಯವನ ಮಗಳು, ಬಾಯಿ ಒಮ್ಮೆ ಶುರುವಾದರೆ ಯಂತ್ರ ತಿರುಗಿಸುವ ಪಟ್ಟಾ ಕಳಚುವ ತನಕ ನಿಲ್ಲುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಗ್ಗಾಂವಿಯಲ್ಲಿ ನಮ್ಮ ಗಿರಣಿಯ ಹಿಂದೆಯೇ ನಮ್ಮ ಮನೆ. ಜೋಳದ ಹಿಟ್ಟು ಗೋಡೆಯ ಸಂದಿಯಿಂದ ಒಳಗೆ ಬಂದು ಎಲ್ಲರ ಹುಬ್ಬಿನ ಮೇಲೂ ಕೂರುತ್ತಿತ್ತು. ಸಾಲೆಯಲ್ಲಿ ನನ್ನನ್ನು ಮುದುಕಿ ಎಂದೇ ಕರೆಯುತ್ತಿದ್ದರು. ಈಗ ನಿಜವಾಗಿ ಮುದುಕಿಯಾದ ಮೇಲೆ ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರೂ ಮೇಡಂ ಅನ್ನುತ್ತಾರೆ. ಇರಲಿ, ನಾನು ಹೇಳಹೊರಟಿದ್ದು ದೊಡ್ಡವ್ವನ ವಿಷಯ.

ದೊಡ್ಡವ್ವ ಅಂದರೆ ನಮ್ಮಪ್ಪನ ಮೊದಲ ಹೆಂಡತಿ ನೀಲವ್ವ. ನನ್ನ ಅಕ್ಕ ಗಂಗಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ದೊಡ್ಡವ್ವ ಜ್ವರ ಬಂದು ತೀರಿಕೊಂಡಳು. ಆಮೇಲೆ ಚಿಕ್ಕೇರೂರಿನಿಂದ ನಮ್ಮವ್ವ ಈ ಮನೆಗೆ ಬಂದಳು, ನಾನು ಹುಟ್ಟಿದೆ. ಮುತ್ತೈದೆಯಾಗಿ ಸತ್ತವಳ ಹೆಸರಿನಲ್ಲಿ ಅಂಗೈಯಗಲದ ಬೆಳ್ಳಿಯ ಮುಖ ಮಾಡಿಸಿ ದೇವರ ಜಗಲಿಯ ಮೇಲಿಡುವ ಪದ್ಧತಿ ನಮ್ಮ ಮನೆತನದಲ್ಲಿತ್ತು. ತಂಬಿಗೆಯ ಮೇಲೆ ಮುಖ, ಮುಖಕ್ಕೆ ಸೀರೆ, ಬಳೆ, ಕುಂಕುಮ. ಎರಡನೆಯವಳಾಗಿ ಬಂದವಳು ಮೊದಲು ಆ ಮುಖದ ಕಾಲಿಗೆ ಬಿದ್ದು ತಂಗಿಯಾಗಬೇಕು. ಹಬ್ಬಕ್ಕೆ ತಂದ ಹೊಸ ಸೀರೆ ಮೊದಲು ಅವಳಿಗೆ ಉಡಿಸಿ ಆಮೇಲೆ ತಾನು ಉಡಬೇಕು. ನಮ್ಮವ್ವ ದೊಡ್ಡವ್ವನನ್ನು ಜೀವಂತ ಕಂಡವಳೇ ಅಲ್ಲ. ಆದರೂ ಅವಳ ಬಾಯಲ್ಲಿ ಸದಾ ‘ಅಕ್ಕಾರು’. ಅಪ್ಪನಿಗೆ ಎದುರಿಗಷ್ಟೇ ಬಹುವಚನ, ಬೆನ್ನ ಹಿಂದೆ ಏಕವಚನ. ದೊಡ್ಡವ್ವನಿಗೆ ಎರಡೂ ಕಡೆ ಬಹುವಚನವೇ.

ನಮಗೆಲ್ಲ ಅದು ಬೆಳ್ಳಿಯ ತಗಡಾಗಿರಲಿಲ್ಲ. ದೊಡ್ಡವ್ವನ ಮನಸ್ಸೇ ಅದರೊಳಗಿತ್ತು. ಅಕ್ಕಾರಿಗೆ ಬದನೆಕಾಯಿ ಸೇರುವುದಿಲ್ಲವೆಂದು ಎಡೆಗೆ ಬದನೆಕಾಯಿ ಹಾಕುತ್ತಿರಲಿಲ್ಲ. ಅಕ್ಕಾರಿಗೆ ಮಧ್ಯಾಹ್ನ ಕಣ್ಣು ಹತ್ತುತ್ತದೆಂದು ನಮಗೆ ಜಗಲಿಯ ಕಡೆ ಗದ್ದಲ ಮಾಡಲು ಬಿಡುತ್ತಿರಲಿಲ್ಲ. ಸತ್ತವರಿಗೂ ಮಧ್ಯಾಹ್ನದ ನಿದ್ದೆ ಯಾಕೆ ಬೇಕು ಎಂದು ಕೇಳಿ ನಾನು ಒಮ್ಮೆ ಏಟು ತಿಂದಿದ್ದೆ. ಡಬ್ಬಿಯಿಂದ ಬೆಲ್ಲ ತೆಗೆಯುವಾಗ ಆ ಕಣ್ಣುಗಳು ನನ್ನ ಬೆನ್ನ ಮೇಲೇ ಇರುತ್ತಿದ್ದವೆಂದು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಮನೆಯ ಯಾವ ದೊಡ್ಡ ಕೆಲಸಕ್ಕೂ ಅವ್ವ ಹೂವು ಕೇಳುತ್ತಿದ್ದಳು. ಕಣಗಿಲೆಯ ಎಸಳನ್ನು ನೀರಲ್ಲಿ ಅದ್ದಿ ಮುಖದ ಎರಡೂ ಗಲ್ಲಕ್ಕೆ ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಹೇಳಿ, ಕೈ ಮುಗಿದು ಕೂರುವುದು. ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬ್ಯಾಡ. ಎಸಳು ಒಣಗಿ ಬೀಳುವ ತನಕ ಮನೆಯವರು ಉಸಿರು ಬಿಗಿಹಿಡಿದು ಕೂರಬೇಕು. ದೊಡ್ಡವ್ವ ಮಾತ್ರ ಒಳ್ಳೆಯವಳು, ಹೆಚ್ಚುಕಡಿಮೆ ಯಾವಾಗಲೂ ಬಲಗಡೆ ಕೊಡುತ್ತಿದ್ದಳು. ಅಕ್ಕಾರದು ದೊಡ್ಡ ಮನಸ್ಸು ಎಂದು ಅವ್ವ ಅನ್ನುತ್ತಿದ್ದಳು. ಮುಖ ಬಲಕ್ಕೆ ವಾಲಿದೆ ಎಂದು ಅಪ್ಪ ಅನ್ನುತ್ತಿದ್ದ, ಆದರೆ ಗಿರಣಿ ಓಡುತ್ತಿರುವಾಗ ಮಾತ್ರ, ಯಾರಿಗೂ ಕೇಳಿಸದ ಹಾಗೆ.

ಹೀಗಿರಲು ಒಂದು ಸಂಕ್ರಾಂತಿಯ ಹೊತ್ತಿಗೆ ಇಲಿ ಬೆನ್ನಟ್ಟಿದ ಬೆಕ್ಕು ಜಗಲಿಗೆ ಹಾರಿ, ಮುಖ ನೆಲಕ್ಕೆ ಬಿದ್ದು ಮೂಗು ನೆಗ್ಗಿತು. ಅವ್ವ ಎರಡು ದಿನ ಊಟ ಬಿಟ್ಟಳು. ಸವಣೂರಿನಲ್ಲಿ ಬೆಳ್ಳಿ ಕೆಲಸ ಮಾಡುವ ಪತ್ತಾರನೊಬ್ಬನಿದ್ದ. ಮುಖವನ್ನು ಕುಪ್ಪಸದ ಖಣದಲ್ಲಿ ಸುತ್ತಿ ಅಪ್ಪನ ಚೀಲದಲ್ಲಿಟ್ಟು ಕಳಿಸಿದರು. ಹಿರಿಯರ ಮುಖವನ್ನು ಬೀದಿಯಲ್ಲಿ ಬಿಚ್ಚಬಾರದು, ಬಸ್ಸಿನಲ್ಲಿ ಬಿಚ್ಚಬಾರದು. ಪತ್ತಾರನೂ ಭಯಭಕ್ತಿಯವನೇ, ಕೆಲಸ ಮುಗಿದ ಕೂಡಲೇ ಮತ್ತೆ ಸುತ್ತಿಡುತ್ತಿದ್ದ. ಮನೆಗೆ ತಂದ ಮೇಲೆ ಅವ್ವ ತಲೆ ಬಗ್ಗಿಸಿಕೊಂಡೇ ಗಂಟು ಬಿಚ್ಚಿ, ತಲೆ ಬಗ್ಗಿಸಿಕೊಂಡೇ ಅರಿಸಿನ ಬಳಿದು, ಸೀರೆಯ ಸೆರಗು ಹೊದಿಸಿ ಕೂರಿಸಿದಳು. ಸವತಿ ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದೆಂದು ಚಿಕ್ಕೇರೂರಿನ ನಮ್ಮಜ್ಜಿ ಹೇಳಿ ಕಳಿಸಿದ್ದಳಂತೆ. ಅಪ್ಪನಂತೂ ಎರಡನೇ ಹೆಂಡತಿಯ ಎದುರು ಮೊದಲ ಹೆಂಡತಿಯ ಮುಖ ನೋಡುವ ಧೈರ್ಯವನ್ನು ಎಂದೂ ಮಾಡಿದವನಲ್ಲ.

ಅಲ್ಲಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ಎಮ್ಮೆ ಮಾರಬೇಕೆಂದು ಕೇಳಿದರೆ ಎಡಗಡೆ. ಮಾರದೆ ಇಟ್ಟುಕೊಳ್ಳಲೇ ಎಂದು ಕೇಳಿದರೆ ಅದಕ್ಕೂ ಎಡಗಡೆ. ಗಿರಣಿಗೆ ಹೊಸ ಪಟ್ಟಾ ತರಲು ಎಡಗಡೆ. ಹಳೆಯದು ಹರಿದು ಅಪ್ಪನ ಮುಂಗೈಗೆ ಬಾರಿಸಿತು. ಅಕ್ಕಾರನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ್ದು ತಪ್ಪಾಯಿತು, ಬೆಂಕಿಗೆ ಹಿಡಿಸಿದ್ದು ತಪ್ಪಾಯಿತು ಎಂದು ಅವ್ವ ನಡುಗಿದಳು. ಸೋಮವಾರ ಶುಕ್ರವಾರ ಒಪ್ಪತ್ತು ಹಿಡಿದಳು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ, ನಗುವಂತಿರಲಿಲ್ಲ. ಸಂಜೆ ದೀಪ ಹಚ್ಚಿದಾಗ ಆ ಮುಖ ನಮ್ಮನ್ನು ನುಂಗುವಂತೆ ನೋಡುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ನಾನು ಬೆಲ್ಲ ಕದಿಯುವುದನ್ನೇ ಬಿಟ್ಟೆ ಅಂದರೆ ನೀವೇ ಲೆಕ್ಕ ಹಾಕಿ.

ದೀಪ ಹಚ್ಚುವ ಕೆಲಸ ಗಂಗಕ್ಕನದು. ಅವಳು ನನ್ನ ಹಾಗೆ ಬಾಯಿಬಡುಕಿ ಅಲ್ಲ. ಹೇಳಿದ ಕೆಲಸ ಮಾಡುವುದು, ಮೂಲೆಯಲ್ಲಿ ಕೂತು ಓದುವುದು. ಅವ್ವ ಅವಳ ಮೇಲೆ ಎಂದೂ ಕೈ ಎತ್ತಿದವಳಲ್ಲ, ದನಿಯನ್ನೂ ಎತ್ತಿದವಳಲ್ಲ. ಎತ್ತಿದರೆ ಓಣಿಯ ಹೆಂಗಸರು ಮಲತಾಯಿ ಅನ್ನುವುದಕ್ಕೆ ಕಾದಿದ್ದರು. ಅವಳ ಮೊದಲ ಸಾಲೆ, ಅವಳ ಲಂಗದ ಬಟ್ಟೆ, ಅವಳ ಕಿವಿ ಚುಚ್ಚಿದ್ದು ಎಲ್ಲವೂ ದೊಡ್ಡವ್ವನ ಹೂವು ಕೇಳಿಯೇ ಆದದ್ದು. ನನ್ನ ಖಟ್ಲೆಗಳು ಮಾತ್ರ ಅಷ್ಟು ಮೇಲಿನ ಕೋರ್ಟಿಗೆ ಹೋಗುತ್ತಿರಲಿಲ್ಲ, ಅವ್ವನ ಅಂಗೈಯಲ್ಲೇ ತೀರ್ಪಾಗುತ್ತಿದ್ದವು.

ಆ ಜೂನ್ ತಿಂಗಳಲ್ಲಿ ಗಂಗಕ್ಕನಿಗೆ ಧಾರವಾಡದಿಂದ ಕರೆ ಬಂತು. ಮಾಸ್ತರಿಕೆಯ ಟ್ರೇನಿಂಗಿಗೆ ಅವಳಿಗೆ ಸೀಟು ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಹಾಜರಿರಬೇಕು, ಇಲ್ಲವಾದರೆ ಅದು ಮುಂದಿನವರಿಗೆ ಹೋಗುತ್ತದೆ. ಅವಳು ಆಸೆಪಟ್ಟು ಕೇಳಿದ್ದು ಹುಟ್ಟಿದಾಗಿನಿಂದ ಅದೊಂದನ್ನೇ. ಅಪ್ಪ ನಿಮ್ಮವ್ವನ್ನ ಕೇಳು ಎಂದ. ಅವ್ವ ನಿಮ್ಮವ್ವನ್ನ ಕೇಳೋಣ ಎಂದು ಜಗಲಿಯ ಕಡೆ ಕೈ ಮಾಡಿದಳು. ಗಂಗಕ್ಕ ಜಗಲಿಯನ್ನಲ್ಲ, ಅವ್ವನ ಮುಖವನ್ನು ನೋಡಿದಳು.

ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಅವ್ವ ಹೂವು ಕೇಳಲು ಕೂತಳು. ಅಪ್ಪ ಗಿರಣಿ ಬಂದ್ ಮಾಡಿ ಬಾಗಿಲಲ್ಲಿ ನಿಂತ. ಎರಡು ಗಲ್ಲಕ್ಕೂ ಎಸಳು ಅಂಟಿದವು. ಬಲಗಡೆಯದನ್ನು ಊದಿ ಬೀಳಿಸಿಬಿಡೋಣವೆಂದು ನಾನು ಬಾಯಿ ತುಂಬ ಗಾಳಿ ತುಂಬಿಕೊಂಡೆ. ಅಷ್ಟರಲ್ಲಿ ಅವ್ವ ಕಣ್ಣು ತೆರೆದು ನನ್ನ ಕಡೆ ನೋಡಿದಳು, ಆ ಗಾಳಿಯನ್ನು ಹಾಗೇ ನುಂಗಿದೆ. ಬಲಗಡೆಯ ಎಸಳಿನ ತುದಿ ಒಣಗಿ ಮೇಲೆದ್ದಿತು. ಇನ್ನೇನು ಬಿದ್ದೇ ಬಿಟ್ಟಿತು ಅಂದುಕೊಂಡೆ. ಬೀಳಲಿಲ್ಲ. ಎಡಗಡೆಯದು ಒಣಗುವ ಮೊದಲೇ ಜಾರಿ ಜಗಲಿಯ ಮೇಲೆ ಬಿತ್ತು.

ಅವ್ವ ಗಂಗಕ್ಕನ ಕಡೆ ತಿರುಗದೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಹೋಗಿ ಗಿರಣಿ ಶುರು ಮಾಡಿದ. ಗಂಗಕ್ಕ ಎದ್ದು ರೊಟ್ಟಿಗೆ ಹಿಟ್ಟು ನಾದಿದಳು. ಅವತ್ತೂ ಮರುದಿನವೂ ಅವಳು ಅಳಲೇ ಇಲ್ಲ, ಆದರೆ ಅವ್ವ ಎಲ್ಲಿ ಹೋದರೆ ಅಲ್ಲಿ ಅವಳನ್ನೇ ನೋಡುತ್ತಿದ್ದಳು. ನೀನು ಅಳುವುದಿಲ್ಲವೇ ಎಂದು ಕೇಳಿದೆ. ಇನ್ನೂ ಹೊತ್ತು ಐತಿ ಎಂದಳು. ಯಾತಕ್ಕೆ ಹೊತ್ತು ಎಂದು ನನಗೆ ಗೊತ್ತಾಗಲಿಲ್ಲ. ಅವಳ ಆ ಸುಮ್ಮನಿರುವಿಕೆಯನ್ನು ನೋಡಿ, ಹಿಂದಿನ ಬಾವಿಯ ಕಡೆ ಹೋದರೂ ನಾನು ಅವಳ ಬೆನ್ನು ಹತ್ತುತ್ತಿದ್ದೆ.

ರವಿವಾರ ಬೆಳಗ್ಗೆ ಹಾನಗಲ್ಲ ಕಡೆಯ ಬಸ್ಸಿನಿಂದ ಇಳಿದ ಒಬ್ಬ ವಯಸ್ಸಾದ ಹೆಂಗಸು ಗಿರಣಿ ಕೇಳಿಕೊಂಡು ನಮ್ಮ ಮನೆಗೆ ಬಂದಳು. ಫಕ್ಕೀರವ್ವ ಎಂದು ಹೆಸರು. ಮಡಿಲಲ್ಲಿ ಖಣದ ಗಂಟು. ಅವ್ವ ನೀರು ಕೊಟ್ಟಳು. ನೀರು ಕುಡಿದು, ಜಗಲಿಯ ಕಡೆ ಕಳ್ಳಗಣ್ಣಿನಿಂದ ನೋಡಿ, ಆಕೆ ಬಂದ ಕಾರಣ ಹೇಳಿದಳು. ಸಂಕ್ರಾಂತಿಯ ಹೊತ್ತಿಗೆ ಆಕೆಯೂ ತನ್ನ ಅತ್ತೆಯ ಮುಖವನ್ನು ಸವಣೂರಿನ ಅದೇ ಪತ್ತಾರನಿಗೆ ಕೊಟ್ಟಿದ್ದಳು.

‘ನಮ್ಮತ್ತಿ ಬದುಕಿದ್ದಾಗ ಒಂದ ದಿನಾನೂ ಹೂಂ ಅಂದಾಕಿ ಅಲ್ಲ ತಂಗಿ. ಸತ್ತ ಮ್ಯಾಲೂ ಅಂದಿದ್ದಿಲ್ಲ. ಸವಣೂರಿಂದ ಬಂದಾಗಿಂದ ಏನ ಕೇಳಿದ್ರೂ ಬಲಗಡೆ. ನಾ ತವರಮನಿಗೆ ಹೋಗ್ಲೇನ್ರಿ ಅಂತ ಕೇಳಿದೆ, ಅದಕ್ಕೂ ಬಲಗಡೆ ಬಿತ್ತು. ಆವಾಗ ನನಗ ಖಾತ್ರಿ ಆತು, ಇಕಿ ನಮ್ಮತ್ತಿ ಅಲ್ಲ. ಮೊದಲ ತವರಿಗೆ ಹೋಗಿ ನಾಕ ದಿನ ಇದ್ದ ಬಂದೆ, ಆಮ್ಯಾಲ ಪತ್ತಾರನ ಕಡೆ ಹೋದೆ. ಗಂಟು ಅದಲುಬದಲ ಆಗ್ಯಾವ, ಇನ್ನೊಂದು ಶಿಗ್ಗಾಂವಿ ಗಿರಣಿಯವರದು ಅಂದ.’

ಅವ್ವನ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಕೂತಿತು. ನಿಮ್ಮತ್ತಿ ಮುಖದ ಗುರುತೇನ್ರಿ ಎಂದು ಕೇಳಿದಳು. ಎರಡೂ ಕಡೆ ಮೂಗು ಚುಚ್ಚಿತ್ತು ಎಂದಳು ಫಕ್ಕೀರವ್ವ. ನಮ್ಮ ದೊಡ್ಡವ್ವನಿಗೆ ಚುಚ್ಚಿದ್ದು ಎಡಗಡೆ ಮಾತ್ರ, ಅಷ್ಟು ಅಪ್ಪನಿಗೆ ನೆನಪಿತ್ತು. ಅವ್ವ ಒದ್ದೆ ಬಟ್ಟೆಯಿಂದ ಜಗಲಿಯ ಮೇಲಿದ್ದ ಮುಖದ ಅರಿಸಿನ ಒರೆಸಿದಳು. ಪದರು ಪದರಾಗಿ ಅರಿಸಿನ ಬಂತು. ಅದರ ಅಡಿಯಲ್ಲಿ ಎರಡು ತೂತುಗಳಿದ್ದವು. ಈ ಮನೆಗೆ ಬಂದ ಮೇಲೆ ಅವ್ವ ಆ ಜಗಲಿಯ ಮುಖವೊಂದನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ನೋಡಿದ್ದು ಬೇರೆ ಯಾರದೋ ಅತ್ತೆಯನ್ನು.

ಭಾಳ ಕಾಡಿದ್ಲೇನು ಎಂದು ಫಕ್ಕೀರವ್ವ ಮೆಲ್ಲಗೆ ಕೇಳಿದಳು. ಭಾಳ ಎಂದು ಅವ್ವ ಹೇಳಿದ್ದೇ ತಡ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅರ್ಧ ವರ್ಷದ ಒಪ್ಪತ್ತು, ಸೀರೆ, ಹೋಳಿಗೆ ಎಲ್ಲವನ್ನೂ ಹಾನಗಲ್ಲ ಸೀಮೆಯ ಮುದುಕಿ ಉಂಡುಟ್ಟು ಒಂದು ಹೂಂ ಕೂಡ ಅಂದಿರಲಿಲ್ಲ. ನಾನೂ ನಕ್ಕೆ. ನಗುತ್ತ ಗಂಗಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ.

ಧಾರವಾಡದ ಕಡೆ ಹೋಗುವ ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅದು ತಪ್ಪಿದರೆ ಸೋಮವಾರ ಬೆಳಗ್ಗೆ ಅಲ್ಲಿ ಇರುವುದು ಆಗದ ಮಾತು. ವಿಷಯ ತಿಳಿದ ಫಕ್ಕೀರವ್ವ ನಿಮ್ಮಾಕಿ ಹೂಂ ಅನ್ನಾಕಿ, ಲಗೂನ ಕೇಳು ಎಂದು ಅವಸರ ಮಾಡಿದಳು. ಅವ್ವ ಫಕ್ಕೀರವ್ವ ತಂದ ಗಂಟು ಬಿಚ್ಚಿ, ನಮ್ಮ ದೊಡ್ಡವ್ವನನ್ನು ತಂಬಿಗೆಯ ಮೇಲಿಟ್ಟು ಎಸಳು ಅದ್ದಿದಳು. ಎಸಳು ಬೆಳ್ಳಿಗೆ ತಾಗುವ ಮೊದಲೇ ಗಂಗಕ್ಕ ಬಂದು ಅವ್ವನ ಕೈ ಹಿಡಿದಳು.

‘ಅಕಿನ್ನ ಕೇಳಬ್ಯಾಡ.’

ಇದು ನಿಜವಾಗಿ ನಿಮ್ಮವ್ವ, ಇಕಿ ಬ್ಯಾಡ ಅನ್ನುವುದಿಲ್ಲ ಎಂದು ಅವ್ವ ರಮಿಸಿದಳು. ಗಂಗಕ್ಕ ಕೈ ಬಿಡಲಿಲ್ಲ. ಆ ಇನ್ನೊಂದು ಮುಖ ತನ್ನ ತಾಯಿಯದಲ್ಲವೆಂದು ಅದು ಬಂದ ದಿನವೇ ತನಗೆ ಗೊತ್ತಾಗಿತ್ತು ಎಂದಳು. ದಿನಾ ದೀಪ ಹಚ್ಚುವವಳು ಅವಳು. ನೆನಪಿಗೆ ಬಾರದ ತಾಯಿಯನ್ನು ದಿನಾ ಕಣ್ತುಂಬ ನೋಡುತ್ತಿದ್ದವಳೂ ಅವಳೊಬ್ಬಳೇ. ಹಾಗಾದರೆ ಬಾಯಿ ಯಾಕೆ ಬಿಡಲಿಲ್ಲ ಎಂದು ಅಪ್ಪ ಸಿಟ್ಟಿನಿಂದ ಕೇಳಿದ. ಗಂಗಕ್ಕ ಅಪ್ಪನ ಕಡೆ ನೋಡಲೂ ಇಲ್ಲ, ಅವ್ವನಿಗೇ ಹೇಳಿದಳು.

‘ಹೇಳಿದ್ರ ನಮ್ಮವ್ವನ ಮುಖಾ ತಂದಿಟ್ಟು ಮತ್ತ ಅಕಿನ್ನ ಕೇಳತಿದ್ದಿ. ಎಲ್ಲಾ ಅಕಿನ್ನ ಕೇಳಿದಿ. ಸಾವಿದು ಒಂದ ದಿನಾನರ ಯಾರನ್ನರ ಕೇಳಿಯೇನು? ಎಡಕ್ಕ ಬಿದ್ದಾಗರ ನೀ ಬಾಯಿ ತೆಗೀತಿ ಅಂತ ಕಾದೆ. ಹೋಗು ಅಂತೀಯೋ, ಬ್ಯಾಡ ಅಂತೀಯೋ, ಏನರ ಒಂದ ಅಂತಿ ಅಂತ ಕಾದೆ. ನಾ ನಿನ್ನ ಕೇಳಾಕತ್ತೇನವ್ವ. ನೀ ಹೇಳು.’

ಸಾವಿ ಅಂದರೆ ಸಾವಿತ್ರಿ, ನಾನು. ನನ್ನ ಹೆಸರು ಹಾಗೆ ನಡುವೆ ಬಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೀಟು ಕಳೆದುಕೊಳ್ಳುವ ಅಂಚಿಗೆ ಬಂದರೂ ಅಕ್ಕ ಕಾಯುತ್ತಿದ್ದದ್ದು ಇದಕ್ಕೆ. ಅವ್ವ ಎಸಳನ್ನು ಹಿಡಿದುಕೊಂಡೇ ನೆಲಕ್ಕೆ ಕೂತಳು. ಹೊರಗೆ ಬೀಸಲು ಬಂದವರು ಜೋಳದ ಪುಟ್ಟಿ ಹಿಡಿದು ಕೂಗಿದರು, ಅಪ್ಪ ಅಲುಗಲಿಲ್ಲ.

‘ನನ್ನ ಕೇಳಿದ್ರ ಹೋಗಬ್ಯಾಡ’ ಎಂದಳು ಅವ್ವ ಕಡೆಗೆ. ‘ನಾ ಈ ಮನಿ ಹೊಸ್ತಿಲಾ ದಾಟಿದ ಕೂಡಲೆ ನೀ ಅಂಬೆಗಾಲಿಲೆ ಬಂದು ನನ್ನ ಸೀರಿ ಹಿಡದಿ. ಗಂಡನ ಮಾರಿ ನೋಡೂಕ್ಕಿಂತ ಮೊದಲ ನಿನ್ನ ಮಾರಿ ನೋಡೇನಿ. ನೀ ಇಲ್ಲದ ಮನ್ಯಾಗ ನಾ ಹೆಂಗ ಇರಲಿ? ಅಕ್ಕಾರು ಹೂಂ ಅಂದ್ರ ಅನ್ನಲಿ. ನನ್ನ ಬಾಯಿಲೆ ಹೋಗು ಅಂತ ಬರೂದಿಲ್ಲ.’

ಮುಗಿಯಿತು, ಅಕ್ಕನ ಟ್ರೇನಿಂಗು ಹೋಯಿತು ಅಂದುಕೊಂಡೆ. ಫಕ್ಕೀರವ್ವ ಹಣೆ ಬಡಿದುಕೊಂಡಳು. ಆದರೆ ಗಂಗಕ್ಕ ಅಳುತ್ತಿದ್ದಳು. ಮೂರು ದಿನ ಒಂದು ಹನಿ ಹಾಕದವಳು ಅವ್ವನ ಮೊಣಕಾಲಿಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಅಟ್ಟದ ಮೇಲಿಂದ ಟ್ರಂಕು ಇಳಿಸಿದಳು.

‘ಹಂಗಾದ್ರ ನಾ ಹೋಗಿ ಬರ್ತೇನವ್ವ.’

ಹೂವಿನ ಮಾತು ಮೀರಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅವ್ವನ ಮಾತನ್ನಾದರೆ ನಾನು ದಿನಾ ಮೀರುತ್ತಿದ್ದೆ, ಮೀರಿಯೂ ಅವಳ ಮಗಳಾಗಿಯೇ ಇದ್ದೆ. ಅಕ್ಕ ಅದನ್ನು ಅಂದು ಮೊದಲ ಸಲ ಮಾಡಿದಳು. ಅವ್ವ ಒಂದು ಗಳಿಗೆ ಕಣ್ಣು ಬಿಟ್ಟು ನೋಡಿದಳು. ಆಮೇಲೆ ಅವಳಿಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಬ್ಯಾಡ ಅಂದರೂ ಹೊರಟಿಯಾ, ಈ ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲವೇ, ನಾಲ್ಕು ಅಕ್ಷರ ಕಲಿತರೆ ತಲೆಗೆ ಕೋಡು ಬರುತ್ತದೆಯೇ ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಬೈಯುತ್ತಲೇ ರೊಟ್ಟಿ ಕಟ್ಟಿದಳು, ಬೈಯುತ್ತಲೇ ಶೇಂಗಾ ಚಟ್ನಿ ಕಟ್ಟಿದಳು, ಬೈಯುತ್ತಲೇ ತನ್ನ ಹೊಸ ಸೀರೆಯನ್ನು ಟ್ರಂಕಿನಲ್ಲಿ ತುರುಕಿದಳು. ಬಾಗಿಲ ತನಕ ಬಂದು, ಪಂಚಮಿಗೆ ಬರಲಿಲ್ಲಂದ್ರ ಕಾಲು ಮುರೀತೇನಿ ಎಂದಳು.

ಅಪ್ಪ ಟ್ರಂಕು ಹೊತ್ತ, ನಾನು ಬುತ್ತಿ ಹಿಡಿದೆ. ಬಸ್ಸು ಹೊರಡುವಾಗ ಅಕ್ಕ ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

‘ಕೇಳಿದೇನ ಸಾವಿ? ಅವ್ವ ನನಗ ಬೈದ್ಲು.’

ಅದರಲ್ಲಿ ಅಷ್ಟು ಸಂತೋಷಪಡುವಂಥದ್ದು ಏನಿದೆ ಎಂದು ದಿನಾ ಬೈಸಿಕೊಳ್ಳುವ ನನಗೆ ಆಗ ತಿಳಿಯಲಿಲ್ಲ.